ಗೂಡು ಬಿಟ್ಟು ಹೊಲದ ಕಡೆಗೆ

ಒಂದು ದಿನದ ಮಟ್ಟಿಗೆ ಮನೆ ಬಿಟ್ಟು, ಬಯಲಲ್ಲಿ ಉಂಡು ಅಡ್ಡಾಡಿ, ಸಂಜೆಗೆ ಹಿಂದಿರುಗುವ ಸುಖವನ್ನು ಅರಿಯದ ಜನವಿಲ್ಲ. ಆ ಸುಖಕ್ಕೆ ಇಟ್ಟ ಹೆಸರುಗಳು ಮಾತ್ರ ಬೇರೆ ಬೇರೆ. ಜರ್ಮನರು ಅದನ್ನು ‘ಔಸ್‌ಫ್ಲೂಗ್’ ಎನ್ನುತ್ತಾರೆ. ‘ಔಸ್’ ಎಂದರೆ ಹೊರಗೆ; ‘ಫ್ಲೂಗ್’ ಎಂದರೆ ಹಾರಾಟ. ಹಕ್ಕಿಯೂ ಜೇನ್ನೊಣವೂ ಗೂಡಿನಿಂದ ಹೊರಕ್ಕೆ ಹಾರುವುದೇ ಅದರ ಮೂಲಾರ್ಥ. ಮುಂದೆ, ಬುತ್ತಿ ಕಟ್ಟಿಕೊಂಡು ಹೊರಟ ಸಂಸಾರಕ್ಕೂ ಆ ಮಾತು ರೆಕ್ಕೆ ಹಚ್ಚಿತು.

ಕೃಷ್ಣಾ ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯಲ್ಲಿಯೂ ಅಂಥ ಒಂದು ದಿನವುಂಟು. ಅದು ಮಾರ್ಗಶಿರದ ಎಳ್ಳ ಅಮಾವಾಸ್ಯೆ. ಜನರ ಬಾಯಲ್ಲಿ ಎಳ್ಳಮಾಸಿ. ಸಜ್ಜೆಯ ಕಡುಬು, ಜೋಳದ ರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆಗಳ ಗಂಟು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೊರಡುತ್ತಾರೆ. ಹಿಂದೆ ಎತ್ತಿನ ಗಾಡಿಗಳ ಸಾಲು. ಈಗ ಹೆಚ್ಚಾಗಿ ಟ್ರ್ಯಾಕ್ಟರು. ಆದರೆ ಈ ಸಡಗರಕ್ಕೆ ಇಲ್ಲಿಯ ಒಕ್ಕಲು ಮಕ್ಕಳು ಇಟ್ಟ ಹೆಸರಿನಲ್ಲಿ ಹಾರಾಟವಿಲ್ಲ, ತಿರುಗಾಟವೂ ಇಲ್ಲ. ‘ಚರಗ ಚೆಲ್ಲುವುದು’ ಎಂದಷ್ಟೇ ಅವರು ಹೇಳುತ್ತಾರೆ. ಯಜ್ಞದಲ್ಲಿ ಅರ್ಪಿಸುವ ಅನ್ನಕ್ಕೆ ಸಂಸ್ಕೃತದಲ್ಲಿ ‘ಚರು’ ಎಂದು ಹೆಸರು. ಚರಗವು ಅದೇ ಕುಲದ ಮಾತಿನಂತೆ ತೋರುತ್ತದೆ.

ತೆನೆ ತುಂಬುತ್ತಿರುವ ಹೊಲವೆಂದರೆ ಬಸುರಿಯಾದ ಭೂತಾಯಿ. ಇದು ಅವಳ ಸೀಮಂತ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಒಬ್ಬನು ಎಡೆಯ ಅಡಿಗೆಯನ್ನು ಚೆಲ್ಲುತ್ತ ನಡೆಯುತ್ತಾನೆ. ಅನಂತರವೇ ಮನೆಯವರ ಊಟ. ಜರ್ಮನರ ಮಾತು ಹೊರಟವನ ರೆಕ್ಕೆಯನ್ನು ನೋಡಿತು. ವಡಗೇರಾದ ಮಾತು ಅವನ ಕೈಯನ್ನು ನೋಡಿತು. ಹೊರಗೆ ಹೋದವನು ಏನನ್ನು ಕಂಡನೆಂಬುದಲ್ಲ, ಏನನ್ನು ಕೊಟ್ಟನೆಂಬುದೇ ಅದಕ್ಕೆ ಮುಖ್ಯ.

ಆದರೂ ಆ ಪರದೇಶದ ಮಾತು ಇಂದು ಈ ಸೀಮೆಗೆ ಹತ್ತಿರವಾಗುತ್ತಿದೆ. ಇಲ್ಲಿಯ ಎಷ್ಟೋ ಮಕ್ಕಳು ದುಡಿಮೆಗಾಗಿ ಬೆಂಗಳೂರು, ಮುಂಬಯಿಗಳಿಗೆ ಗೂಡು ಬಿಟ್ಟು ಹಾರಿದ್ದಾರೆ. ನಗರದಲ್ಲಿ ಕಟ್ಟಡಗಳು ಏಳುತ್ತಿರುವಾಗ ಎಳ್ಳಮಾಸಿಗೆ ರಜೆಯೆಲ್ಲಿ? ಜೇನ್ನೊಣದ ಹಾರಾಟದಲ್ಲಿ ಹಿಂದಿರುಗುವುದೂ ಸೇರಿರುತ್ತದೆ. ರೆಕ್ಕೆ ಬಲಿತ ಮರಿಹಕ್ಕಿಯ ಹಾರಾಟದಲ್ಲಿ ಅದು ಸೇರಿರಲೇಬೇಕೆಂಬ ನಿಯಮವಿಲ್ಲ. ಮಗನು ಹಾರಿದ್ದು ಯಾವುದರಂತೆ ಎಂಬುದನ್ನು ತಾಯಿ ಬಾಯಿಬಿಟ್ಟು ಕೇಳುವುದಿಲ್ಲ. ಬುತ್ತಿ ಕಟ್ಟುವಾಗ ಅವನ ಪಾಲಿನ ಕಡುಬನ್ನು ಮರೆಯದೆ ಇಡುತ್ತಾಳೆ. ಹೊತ್ತು ಇಳಿಯುವ ತನಕ ದಾರಿ ನೋಡಿ, ಆಮೇಲೆ ಅದನ್ನೂ ಹೊಲಕ್ಕೇ ಚೆಲ್ಲಿ ಮನೆಗೆ ಮರಳುತ್ತಾಳೆ.