ಹಿಂದಿನ ಸಾಲಿನ ಪ್ರಶ್ನೆ

ಗುರುವಾದವನಿಗೆ ಉತ್ತರ ತಿಳಿಯದಿರುವುದು ಅಪಮಾನವಲ್ಲ. ತಿಳಿಯದುದನ್ನು ಗದರಿಕೆಯಿಂದ ಮುಚ್ಚುವುದು ಅಪಮಾನ. ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಮಾಸ್ತರರಿಗೆ ಈ ಮಾತು ಮನದಟ್ಟಾಗಲು ಇಪ್ಪತ್ತು ವರ್ಷಗಳ ಸೇವೆ ಬೇಕಾಯಿತು.

ಏಳನೆಯ ತರಗತಿಗೆ ಅವರು ಸಮೀಕರಣ ಕಲಿಸುತ್ತಿದ್ದರು. ಸಂಖ್ಯೆಯು ಸಮಚಿಹ್ನೆಯ ಆಚೆಗೆ ಹೋದರೆ ಅದರ ಚಿಹ್ನೆ ಬದಲಾಗುತ್ತದೆ ಎಂಬುದು ಅವರು ಬಲ್ಲ ಸೂತ್ರ.

"ಆ ಕಡೆ ಹೋದ ಕೂಡಲೆ ಕಳೆಯೋದು ಕೂಡೋದು ಹ್ಯಾಂಗ ಆಗ್ತದರಿ, ಸರ್?" ಎಂದಳು ಹಿಂದಿನ ಸಾಲಿನ ಹುಡುಗಿ.

"ನಿಯಮ ಇರೋದೇ ಹಂಗ. ಕೂಡು!"

ಹುಡುಗಿ ಕುಳಿತಳು, ಪ್ರಶ್ನೆ ಮಾತ್ರ ಮಾಸ್ತರರೊಡನೆ ಮನೆಗೆ ಬಂದಿತು. ಅವರು ಓದುವಾಗ ಅದನ್ನು ಕೇಳಿರಲಿಲ್ಲ. ಯಾರೂ ಅವರಿಗೆ ಹೇಳಿಯೂ ಇರಲಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡೆಸುವ ಶಿಕ್ಷಕರ ಕಲಿಕಾ ಕೇಂದ್ರಗಳಿವೆ. ಶಹಾಪುರದಲ್ಲಿ ಒಂದು ಸಂಜೆ ಶಿಕ್ಷಕರು ಕೂಡಿದ್ದರು. ಯಾದಗಿರಿಯಿಂದ ಬಂದಿದ್ದ ಶಿಕ್ಷಕಿಯೊಬ್ಬರು ಹಲಗೆಯ ಮೇಲೆ '8 + 4 = □ + 5' ಎಂದು ಬರೆದು, ಅನೇಕ ಮಕ್ಕಳು ಚೌಕದಲ್ಲಿ 12 ಎಂದು ತುಂಬುವುದೇಕೆಂದು ಕೇಳಿದರು. ಸಮಚಿಹ್ನೆಯೆಂದರೆ 'ಉತ್ತರ ಬರೆ' ಎಂಬ ಅಪ್ಪಣೆಯೆಂದು ಮಕ್ಕಳು ಭಾವಿಸುತ್ತಾರೆ. ಅದು ಅಪ್ಪಣೆಯಲ್ಲ, ಸಮನಾಗಿ ನಿಂತ ತಕ್ಕಡಿ. ಚೌಕದಲ್ಲಿರಬೇಕಾದುದು 7. ಒಂದು ತಟ್ಟೆಗೆ ಹಾಕಿದಷ್ಟನ್ನೇ ಇನ್ನೊಂದಕ್ಕೂ ಹಾಕಿದರೆ ತಕ್ಕಡಿ ವಾಲದು. ಸಂಖ್ಯೆ ಆಚೆಗೆ ಹೋಗುವುದೇ ಇಲ್ಲವೆಂಬುದು ಮಾಸ್ತರರಿಗೆ ಅಂದು ಹೊಳೆಯಿತು.

ಮರುದಿನ ಹತ್ತಿ ಬಿಡಿಸುವ ಕೂಲಿಯಿಂದಲೇ ಪಾಠ ಆರಂಭವಾಯಿತು. ಕಿಲೋಗೆ 10 ರೂಪಾಯಿಯೆಂದೂ, ಮೊದಲೇ ಪಡೆದ ಮುಂಗಡ 50 ಎಂದೂ, ಕೈಗೆ ಬಂದದ್ದು 150 ಎಂದೂ ಇಟ್ಟುಕೊಂಡರೆ, ಬಿಡಿಸಿದ ಹತ್ತಿ ಎಷ್ಟು? ಎರಡೂ ಕಡೆಗೆ 50 ಕೂಡಿದರು. ಕಿಲೋಗಳ ಹತ್ತು ಪಟ್ಟು 200 ಆಯಿತು. ಹತ್ತಿ 20 ಕಿಲೋ.

"ನಿನ್ನ ಪ್ರಶ್ನಿ ಖರೇ ಇತ್ತವ್ವ. ಗದರಿದ್ದು ನಂದ ತಪ್ಪು" ಎಂದರು ಮಾಸ್ತರರು.

ತಾಯಿಯೊಡನೆ ಹತ್ತಿ ಹೊಲಕ್ಕೆ ಹೋಗಿ ಬಲ್ಲ ಹುಡುಗಿ ನಕ್ಕಳು. "ಹತ್ತಿ ಎಷ್ಟರೆ ಆಗ್ಲಿ, ಲೆಕ್ಕ ಒಂದೇ ಅದರಿ, ಸರ್."

ತೂಕ ಬದಲಾದಂತೆ ಕೂಲಿ ಬದಲಾಗುತ್ತದೆ. ಎರಡರ ನಡುವಣ ನಂಟು ಬದಲಾಗದು. ಆ ನಂಟನ್ನೇ ಗಣಿತಜ್ಞರು ಫಲನವೆನ್ನುವರು. 1150ರಲ್ಲಿ 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದ ಭಾಸ್ಕರಾಚಾರ್ಯನು ಬೀಜಗಣಿತದ ಅಜ್ಞಾತ ಸಂಖ್ಯೆಯನ್ನು 'ಯಾವತ್ತಾವತ್' ಎಂದು ಕರೆದನು. ಎಷ್ಟೋ ಅಷ್ಟು ಎಂದು ಅದರರ್ಥ. ಹೊಲದಿಂದ ಬಂದ 'ಎಷ್ಟರೆ ಆಗ್ಲಿ' ಎಂಬ ಮಾತು ಅದಕ್ಕಿಂತ ಬಹುದೂರದ್ದಲ್ಲ.

ಮಾಸ್ತರರು ಹುಡುಗಿಯನ್ನು ಮುಂದಿನ ಸಾಲಿಗೆ ಕರೆದರು.