ಗಾಂಧಿನಗರದಲ್ಲಿ ಒಂದು ಹಬ್ಬುಗುಲಾಬಿ

ಬಳ್ಳಾರಿಯೆಂದೊಡನೆ ಪರಸ್ಥಳದವರ ಮನಸ್ಸಿಗೆ ಬರುವುವು ಎರಡೇ: ಬಂಡೆ ಮತ್ತು ಬಿಸಿಲು. ಎರಡೂ ಸುಳ್ಳಲ್ಲ. ಕೋಟೆಯನ್ನು ಹೊತ್ತ ಗುಡ್ಡವು ಊರಿನ ನಡುವೆ ಕಾದ ಹೆಂಚಿನಂತೆ ನಿಂತಿರುವುದು. ಚೈತ್ರ ವೈಶಾಖಗಳಲ್ಲಿ ಉಷ್ಣವು ೪೦ ಡಿಗ್ರಿಯನ್ನು ಮೀರುವುದು. ವರ್ಷವೆಲ್ಲ ಬೀಳುವ ಮಳೆ ಸುಮಾರು ೨೦ ಅಂಗುಲ. ಆದರೂ ನಮ್ಮ ಗಾಂಧಿನಗರದ ಒಳಬೀದಿಗಳಲ್ಲಿ ಬೆಳಗಿನ ಹೊತ್ತು ತಿರುಗಾಡಿದವರಿಗೆ ಮತ್ತೊಂದು ಬಳ್ಳಾರಿ ಕಾಣಸಿಗುವುದು. ಗೋಡೆಯಾಚೆಯಿಂದ ಬಾಗಿದ ಬೇವು, ಹೊಂಗೆ, ಬಾಗಿಲ ಮೇಲೆ ಹಬ್ಬಿಸಿದ ಮಲ್ಲಿಗೆ, ತುಳಸೀಕಟ್ಟೆಯ ಪಕ್ಕದಲ್ಲಿ ಉದುರಿದ ಪಾರಿಜಾತ — ಇವೆಲ್ಲವೂ ಕೊಡದ ಲೆಕ್ಕದಲ್ಲಿ ನೀರು ಹೊಯ್ದು ಸಾಕಿದುವು. ಹೂವು ನಮ್ಮಲ್ಲಿ ಅಗ್ಗದ ವಸ್ತುವಲ್ಲ.

ಹೂವಿನ ಮೇಲಣ ಈ ಹಂಬಲ ನಿನ್ನೆಯದೂ ಅಲ್ಲ. ಇಲ್ಲಿಂದ ಸುಮಾರು ೬೦ ಕಿಲೋಮೀಟರು ದೂರದ ವಿಜಯನಗರಕ್ಕೆ ೧೪೪೩ರಲ್ಲಿ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಆ ಪಟ್ಟಣದವರು ಗುಲಾಬಿಯನ್ನು ಅನ್ನದಷ್ಟೇ ಅವಶ್ಯಕವೆಂದೆಣಿಸುವರೆಂದು ಬೆರಗಾಗಿ ಬರೆದಿಟ್ಟಿರುವನು. ಹೂವಿನ ಹಡಗಲಿಯಿಂದ ತುಂಗಭದ್ರೆಯ ಮೇಲೆ ಹೂವು ಹಂಪೆಗೆ ಹೋಗುತ್ತಿದ್ದಿತೆಂಬ ಪ್ರತೀತಿಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ.

ಕಳೆದ ಶ್ರಾವಣದಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರು ಒಂದು ಚಿತ್ರವನ್ನು ಹಿಡಿದು ನನ್ನಲ್ಲಿಗೆ ಬಂದರು. ಅವರ ಮಗಳು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವಳು. ಅಲ್ಲಿಯ ಹಳೆಯ ಸೇಬಿನ ಮರವೊಂದರ ತುಂಬ ಬಿಳಿಯ ಗುಲಾಬಿ ಹಬ್ಬಿ, ಮರವೇ ಹೂಬಿಟ್ಟಂತೆ ತೋರುವ ಚಿತ್ರವದು. ನಮ್ಮ ಬೇವಿಗೂ ಹೀಗೆಯೇ ಹಬ್ಬಿಸಿರಿ, ಬರುವ ವರ್ಷ ನಾನು ಬಂದಾಗ ನೋಡುವೆನೆಂದು ಮಗಳ ಅಪೇಕ್ಷೆ. ತೋಟದ ಆಳು ಬಂದು ನೋಡಿ, ಬೇವಿನ ಎರಡು ದೊಡ್ಡ ಕೊಂಬೆಗಳನ್ನು ಕಡಿದರೆ ಬೆಳಕು ಬೀಳುವುದೆಂದು ಹೇಳಿ ಹೋಗಿದ್ದನು. ಮನೆಯಲ್ಲಿ ಎಂಬತ್ತು ದಾಟಿದ ತಾಯಿಯಿರುವರು. ಬೇಸಗೆಯ ಹಗಲೆಲ್ಲ ಅವರ ಮಂಚ ಆ ಕೊಂಬೆಗಳ ಕೆಳಗೆ. "ಹೂವು ನೋಡಾಕ ನೆರಳು ಕಡೀತೀರೇನಪ್ಪಾ?" ಎಂದು ಆಕೆ ಕೇಳಿದರಂತೆ. ಮಗನಿಗೆ ಉತ್ತರ ತೋಚಿರಲಿಲ್ಲ.

ವಾಚಕರಲ್ಲಿ ಕೆಲವರಿಗಾದರೂ ಇಂಥ ಆಸೆ ಇರಬಹುದಾದುದರಿಂದ ವಿಷಯವನ್ನು ತುಸು ಬಿಡಿಸಿ ಹೇಳುವೆನು. ಮರವೇರುವ ಗುಲಾಬಿಗೆ ಮಲ್ಲಿಗೆಯಂತೆ ಸುತ್ತಿಕೊಳ್ಳುವ ಗುಣವಿಲ್ಲ, ಕುಂಬಳದಂತೆ ನುಲಿಬಳ್ಳಿಯೂ ಇಲ್ಲ. ಉದ್ದವಾದ ಕಡ್ಡಿಗಳನ್ನು ಚಾಚಿ, ಕೆಳಮುಖವಾಗಿ ಬಾಗಿದ ಮುಳ್ಳುಗಳನ್ನು ಕೊಂಬೆಗೆ ಕೊಕ್ಕೆಯಂತೆ ಸಿಕ್ಕಿಸಿ ಅದು ಮೇಲೇರುವುದು. ಸಂಸ್ಕೃತದ ವೈದ್ಯನಿಘಂಟುಗಳಲ್ಲಿ ಬರುವ 'ಕುಬ್ಜಕ'ವನ್ನು ಹಿಮಾಲಯದ ಕಸ್ತೂರಿ ಗುಲಾಬಿಯೆಂದು ವಿದ್ವಾಂಸರು ಗುರುತಿಸಿರುವರು. ಅದು ಕಾಡುಮರಗಳ ಮೇಲೆ ಮೂವತ್ತು ಅಡಿ ಹತ್ತಿ, ಹೂವಿನ ಭಾರದಿಂದ ಗೂನುಬೆನ್ನಿನಂತೆ ಬಾಗುವುದನ್ನು ನೋಡಿದವರಿಗೆ ಹೆಸರಿನ ಔಚಿತ್ಯ ಹೊಳೆಯದಿರದು. ನೀಲಗಿರಿ ಪಳನಿ ಬೆಟ್ಟಗಳಲ್ಲಿಯೂ ಇಂಥ ಬಿಳಿಯ ಕಾಡುಗುಲಾಬಿಯೊಂದುಂಟು. ಹೀಗಿರಲು ಹಬ್ಬುಗುಲಾಬಿಯನ್ನು ಪರದೇಶದ್ದೆಂದು ತಳ್ಳಬೇಕಾದುದಿಲ್ಲ. ಶಾಕುಂತಲದಲ್ಲಿ ಮಾಮರವನ್ನು ತಾನಾಗಿ ವರಿಸಿದ ವನಜ್ಯೋತ್ಸ್ನೆಯನ್ನು ಓದಿದವರಿಗೆ ಮರಕ್ಕೆ ಲತೆಯನ್ನು ಕೂಡಿಸುವ ಆಸೆಯೂ ಹೊಸತಲ್ಲ. ಆದರೆ ವನಜ್ಯೋತ್ಸ್ನೆ ನವಮಾಲಿಕೆ; ಅವಳಿಗೆ ಮುಳ್ಳಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ತೊಡಕಿರುವುದು ಬೇರೆಡೆಯಲ್ಲಿ. ಈ ಬೆಟ್ಟದ ಜಾತಿಗಳೂ, ಇಂಗ್ಲೆಂಡಿನವರು ಮರಗಳಿಗೆ ಹಬ್ಬಿಸುವ ಬಹುಪಾಲು ಜಾತಿಗಳೂ ವರ್ಷಕ್ಕೊಮ್ಮೆ ಮಾತ್ರ, ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ ಹೂಬಿಡತಕ್ಕವು. ಅದಕ್ಕೆ ಮುಂಚೆ ಅವಕ್ಕೆ ನಿಜವಾದ ಚಳಿಗಾಲ ಬೇಕು. ಬಿಸಿಲಲ್ಲ ಶತ್ರು, ಚಳಿಯಿಲ್ಲದಿರುವುದು. ಅಮೆರಿಕದ ಆರಿಜೋನಾ ಪ್ರಾಂತದ ಟೂಂಬ್‌ಸ್ಟೋನ್ ಎಂಬ ಒಣನಾಡಿನ ಊರಿನಲ್ಲಿ ೧೮೮೫ರಲ್ಲಿ ನೆಟ್ಟ 'ಲೇಡಿ ಬ್ಯಾಂಕ್ಸ್' ಗುಲಾಬಿಯೊಂದು ಇಂದು ಎಂಟು ಸಾವಿರ ಚದರಡಿಗೂ ಮಿಕ್ಕಿ ಚಪ್ಪರವಾಗಿ ಹರಡಿರುವುದು. ಅಲ್ಲಿಯೂ ಉರಿಬಿಸಿಲೇ, ಆದರೆ ಪುಷ್ಯಮಾಸದಲ್ಲಿ ಹಿಮ ಬೀಳುವುದು. ನಮ್ಮಲ್ಲಿ ಧನುರ್ಮಾಸದ ನಸುಕಿನಲ್ಲಿಯೂ ಅಂಥ ಚಳಿ ಬೀಳದು. ಆ ಜಾತಿಗಳನ್ನು ಇಲ್ಲಿ ನೆಟ್ಟರೆ ಎಲೆಯ ಸಂಭ್ರಮವನ್ನಷ್ಟೇ ನೋಡಬೇಕಾದೀತು. ಕೊಡೈಕೆನಾಲಿನ ವೀರರಾಘವನ್ ದಂಪತಿಗಳು ಮಣಿಪುರದ ದೈತ್ಯ ಗುಲಾಬಿಯನ್ನೂ, ಬಂಗಾಳ ಬಿಹಾರಗಳ ಜೌಗಿನ ಗುಲಾಬಿಯನ್ನೂ ಬೆರಸಿ ಉಷ್ಣದೇಶಕ್ಕೊಗ್ಗುವ ತಳಿಗಳನ್ನು ಮಾಡಿರುವರು. ಅವು ನಮ್ಮ ಊರಿನ ಸಸಿ ಮಾರುವವರ ಬಳಿ ಕಾಣವು.

ಉಳಿದುದರಲ್ಲಿ ಎರಡನ್ನು ನಾನು ತೂಗಿ ನೋಡಿದೆನು. ಮೊದಲನೆಯದು 'ಮಾರೆಶಾಲ್ ನೀಲ್', ಫ್ರಾನ್ಸಿನಲ್ಲಿ ೧೮೬೪ರಲ್ಲಿ ಹೊರಬಂದ ಹಳದಿಯ ಬಳ್ಳಿಗುಲಾಬಿ. ಹೂವು ತಲೆತಗ್ಗಿಸಿ ಜೋಲುವುದರಿಂದ ಮರದ ಕೆಳಗೆ ನಿಂತು ನೋಡುವುದಕ್ಕೆ ಅದಕ್ಕಿಂತ ಚೆಲುವಾದುದಿಲ್ಲ. ಶಾಖ ಸಾಲದೆ ಇಂಗ್ಲೆಂಡಿನವರು ಗಾಜಿನ ಮನೆಯಲ್ಲಿಟ್ಟು ಬೆಳೆಸಬೇಕಾದ ಗಿಡವಿದು. ಆದರೆ ಉಪಚಾರ ಬಹಳ ಬೇಡುವುದು, ಬಾಯಾರಿಕೆ ಹೆಚ್ಚು. ಎರಡನೆಯದು ನಮ್ಮ ಹೂವಾಡಗಿತ್ತಿಯರು ಪನ್ನೀರು ಗುಲಾಬಿಯೆಂದು ಬುಟ್ಟಿಯಲ್ಲಿ ತರುವ ಎಡ್ವರ್ಡ್ ಗುಲಾಬಿ. ಇದರ ತವರು ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪ, ಇಂದಿನ ರಿಯೂನಿಯನ್. ಎಂಟು ಹತ್ತು ಅಡಿಗಿಂತ ಹೆಚ್ಚು ಚಾಚದು. ಶಾಸ್ತ್ರದಂತೆ ಇದು ಹಬ್ಬುಗುಲಾಬಿಯೇ ಅಲ್ಲ. ಆದರೆ ಪರಿಮಳವುಂಟು, ಕಡ್ಡಿ ನೆಟ್ಟರೆ ಬೇರೊಡೆಯುವುದು, ಬಿಸಿಲನ್ನು ತಡೆಯುವುದು. ಬೇರೆ ಜಾತಿಗಳಿಗೆ ಇದನ್ನು ಬೇರುಗಿಡವಾಗಿ ಬಳಸುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ಕೆಂಪು ಗುಲಾಬಿ ಕೊಂಡುತಂದೆವು, ಎರಡನೆಯ ವರ್ಷ ತಿಳಿಗೆಂಪಾಯಿತೆಂದು ಬೆರಗಾಗುವವರುಂಟು. ಬಣ್ಣ ಬದಲಾದುದಲ್ಲ, ಮೇಲಣ ಕಸಿ ಬೇಸಗೆಯಲ್ಲಿ ಸತ್ತಿತು, ಕೆಳಗಣ ಎಡ್ವರ್ಡ್ ಬದುಕಿತು. ಬಳ್ಳಾರಿಯ ಪರೀಕ್ಷೆಯಲ್ಲಿ ಹೀಗೆ ತೇರ್ಗಡೆಯಾದ ಗಿಡವನ್ನೇ ನಾನು ಆರಿಸಿದೆನು.

ಇನ್ನು ಮರ. ಬೇವು ಬೇಡವೆಂದು ನಾನು ಖಂಡಿತವಾಗಿ ಹೇಳಿದೆನು. ಅದರ ದಟ್ಟ ನೆರಳಿನಲ್ಲಿ ಗುಲಾಬಿ ಕೃಶವಾಗುವುದು, ಬೇರು ಗಿಡದ ನೀರನ್ನೆಲ್ಲ ಕುಡಿಯುವುದು. ಒಂದು ವೇಳೆ ಏರಿದರೂ ಹೂವು ಕಾಗೆಗಳ ಪಾಲು. ಹೊಂಗೆಯೂ ಅಷ್ಟೇ. ಹಣ್ಣಿಗಾಗಿ ಹತ್ತಬೇಕಾದ ಮಾವಿಗೆ ಮುಳ್ಳು ಹಬ್ಬಿಸುವುದು ಅವಿವೇಕ. ನುಗ್ಗೆ ಗಾಳಿಗೆ ಮುರಿಯುವುದು. ಅವರ ಹಿತ್ತಲಿನಲ್ಲಿ ಹನ್ನೆರಡು ಅಡಿಯ ಪಾರಿಜಾತವೊಂದಿತ್ತು. ಅದರ ಹೂವು ಮಳೆಗಾಲದಿಂದ ಕಾರ್ತೀಕದವರೆಗೆ. ಮಾಘ ಕಳೆಯುತ್ತಲೇ ಎಲೆಯೂ ವಿರಳವಾಗುವುದು. ನಮ್ಮಲ್ಲಿ ಗುಲಾಬಿಗೆ ಸುಕಾಲ ಮಾರ್ಗಶಿರದಿಂದ ಮಾಘದವರೆಗೆ. ಒಂದರ ಸರದಿ ಮುಗಿಯುವಾಗ ಇನ್ನೊಂದರದು ಮೊದಲಾಗುವುದು.

ವಿಜಯದಶಮಿ ಕಳೆದ ಮೇಲೆ, ಮುಂದೆ ತಂಪಿನ ತಿಂಗಳುಗಳು ದೊರೆಯುವಂತೆ, ಗಿಡ ನೆಟ್ಟೆವು. ಬುಡದಿಂದ ನಾಲ್ಕಡಿ ದೂರ, ನೈರುತ್ಯ ದಿಕ್ಕಿನಲ್ಲಿ. ಮುಂಗಾರಿನ ಗಾಳಿ ಅತ್ತಲಿಂದ ಬೀಸಿ ಕಡ್ಡಿಗಳನ್ನು ಮರದೊಳಕ್ಕೆ ತಳ್ಳಬೇಕು, ಹೊರಕ್ಕೆ ಸೆಳೆಯಬಾರದು. ಎರಡಡಿ ಆಳದ ಗುಂಡಿ. ಇಲ್ಲಿಯ ಎರೆಮಣ್ಣು ಬೇಸಗೆಯಲ್ಲಿ ಬಿರಿದು ಬೇರನ್ನು ಕಿತ್ತೆಳೆಯುವುದಾದುದರಿಂದ ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ ಬೆರಸಿ ತುಂಬಿದೆವು. ಬುಡಕ್ಕೆ ಭತ್ತದ ಹುಲ್ಲಿನ ಹೊದಿಕೆ. ಸಿರುಗುಪ್ಪದ ಕಡೆಯಿಂದ ಅದು ಬೇಕಾದಷ್ಟು ಬರುವುದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅದರ ಪಾಲಿಗೆಂದು ಗೊತ್ತುಮಾಡಲಾಯಿತು. ಸಾಬೂನಿನ ನೀರು ಕೂಡದು. ಕೊಳವೆಬಾವಿಯ ಗಡಸುನೀರನ್ನೇ ಹೊಯ್ಯುತ್ತ ಬಂದರೆ ಎಳೆಯ ಎಲೆಗಳು ನರವಷ್ಟೇ ಹಸುರಾಗಿ ಉಳಿದು ಹಳದಿಗಟ್ಟುವುವು. ಒಂದು ಬಿದಿರಿನ ಗಳುವನ್ನು ನೆಲದಿಂದ ಕೊಂಬೆಗೆ ಓರೆಯಾಗಿ ಒರಗಿಸಿ ಕಡ್ಡಿಗಳನ್ನು ತೆಂಗಿನ ನಾರಿನಿಂದ ಸಡಿಲವಾಗಿ ಕಟ್ಟಿದೆವು. ಮೊದಲೆರಡು ವರ್ಷ ಕತ್ತರಿ ಮುಟ್ಟಿಸಕೂಡದು. ನೀಳವಾದ ಕಡ್ಡಿಯನ್ನು ಅಡ್ಡಲಾಗಿ ಬಗ್ಗಿಸಿದರೆ ಗಿಣ್ಣುಗಿಣ್ಣಿಗೂ ಚಿಗುರೊಡೆದು ಹೂವು ಹೆಚ್ಚುವುದು.

ಮಗಳಿಗೆ ತಂದೆ ಎಲ್ಲವನ್ನೂ ಬರೆದಿರುವರು. ಚಿತ್ರದಲ್ಲಿರುವಂಥದು ಇಲ್ಲಿ ಆಗದೆಂದೂ ಬರೆದಿರುವರು. ಕಡ್ಡಿ ಈಗ ಪಾರಿಜಾತದ ಮೊದಲನೆಯ ಕವಲನ್ನು ಮುಟ್ಟಿರುವುದು, ಐದಾರು ಹೂವಾದುವು. ಅಜ್ಜಿಯ ಮಂಚ ಬೇವಿನ ಕೆಳಗೇ ಇದೆ. ಇನ್ನು ದಾಟಬೇಕಾದುದು ವೈಶಾಖ.