ಅಪ್ಪ, ನಿಂಬೆಹಣ್ಣು ಮತ್ತು ನಮ್ಮನೆ ಮೀನು

ಬೆಳಿಗ್ಗೆ ಎದ್ದು ಹಾಲ್‌ಗೆ ಬಂದರೆ ಅಪ್ಪ ಅಕ್ವೇರಿಯಂ ಮುಂದೆ ನಿಂತಿದ್ದರು. ಕೈಯಲ್ಲಿ ಚಹಾ ಸೋಸುವ ಜಾಲರಿ, ಅದರಲ್ಲಿ ಎರಡು ಸತ್ತ ನಿಯಾನ್ ಟೆಟ್ರಾ.

"ಇವೂ ಹೋದ್ವು. ಈ ಮನ್ಯಾಗ ಸತ್ತದ್ದು ಸಾಕವ್ವಾ. ಈ ಡಬ್ಬಿ ಯಾರಿಗರೆ ಕೊಟ್ಟುಬಿಡು" ಅಂದರು.

ಅಮ್ಮ ಹೋಗಿ ಆಗ ಒಂಬತ್ತು ತಿಂಗಳಾಗಿತ್ತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ನಮ್ಮದು ಶಹಾಬಾದ್. ನನ್ನ ಕೆಲಸ ಸೇಡಂನ ಬ್ಯಾಂಕೊಂದರಲ್ಲಿ. ಬೆಳಿಗ್ಗೆ ರೈಲು ಹಿಡಿದು ವಾಡಿ, ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರ, ಮಳಖೇಡ ದಾಟಿ ಸೇಡಂ. ವಾಪಸ್ ಮನೆ ಸೇರುವಾಗ ರಾತ್ರಿ ಎಂಟು. ಅಷ್ಟೂ ಹೊತ್ತು ಅಪ್ಪ ಒಬ್ಬರೇ. ಮೂವತ್ತು ವರ್ಷ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡಿದ ಮನುಷ್ಯ, ಈಗ ಟಿವಿ ಹಚ್ಚಿಟ್ಟು ಅದನ್ನೂ ನೋಡದೆ ಕೂತಿರುತ್ತಿದ್ದರು. ಮನೆಯಲ್ಲಿ ಏನಾದರೂ ಓಡಾಡುತ್ತಿರಲಿ ಅಂತ ಮೀನು ತಂದಿದ್ದೆ.

ತಂದದ್ದು ಎಲ್ಲರೂ ತರುವ ಥರದ್ದೇ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಸುಮಾರು 50 ಲೀಟರ್ ನೀರು. ಕೆಳಗೆ ನೀಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಕೋಟೆ, ಗುಳ್ಳೆ ಬಿಡುವ ಮುಳುಗುಗಾರ, ಹಿಂದೆ ಸಮುದ್ರದ ಪೋಸ್ಟರ್. ಆರು ನಿಯಾನ್, ಎರಡು ಏಂಜೆಲ್, ಎರಡು ಗೋಲ್ಡ್‌ಫಿಶ್, ಗಾಜು ನೆಕ್ಕಿ ಸ್ವಚ್ಛ ಮಾಡ್ತದೆ ಅಂತ ಒಂದು ಸಕ್ಕರ್ ಫಿಶ್. "ಜಾತ್ರಿ ಆದಂಗ ಆಗ್ಯದ" ಅಂದಿದ್ದರು ಅಪ್ಪ.

ಅದೇ ಮಾತು ಹಿಡಿದು, ಚೆಂದ ಮಾಡೋಣ ಅಂತ ನೀಲಿ ಕಲ್ಲು ತೆಗೆದೆ. ಹಿತ್ತಲಲ್ಲಿ ಅಪ್ಪನ ಕಾಲದ ಫರ್ಸಿ ಚೂರುಗಳು ಬಿದ್ದಿದ್ದವು. ತೊಳೆದು ಹಾಕಿದೆ. ಬೂದುಗಪ್ಪು ಕಲ್ಲು, ಅದರ ಮೇಲೆ ನಿಯಾನ್‌ನ ನೀಲಿ ಗೆರೆ. ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೂ ಆಯ್ತು.

ಆಮೇಲೆ ಒಂದೊಂದಾಗಿ ಸಾಯತೊಡಗಿದವು.

ರೈಲಿನಲ್ಲಿ ಕೂತು ಫೋನ್‌ನಲ್ಲಿ ಓದಿದೆ. ನಿಯಾನ್ ಅಮೆಜಾನ್ ಪ್ರದೇಶದ ಮೀನು. ಅಲ್ಲಿನ ನೀರು ಮೆದು, ಸ್ವಲ್ಪ ಆಮ್ಲೀಯ. ನಮ್ಮ ಬೋರ್ ನೀರೋ, ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತದೆ, ಸೋಪಿಗೆ ನೊರೆಯೇ ಬರುವುದಿಲ್ಲ. ಟೆಸ್ಟ್ ಕಿಟ್ ತರಿಸಿ ನೋಡಿದರೆ ಪಿಎಚ್ 8ರ ಹತ್ತಿರ. ಸರಿ, 20 ಲೀಟರಿನ ಆರ್‌ಒ ಕ್ಯಾನ್ ತಂದು ಸುರಿಯತೊಡಗಿದೆ. "ಮೀನಕ್ಕ ಕ್ಯಾನ್ ನೀರ, ನಮಗ ಬೋರ್ ನೀರ. ಛಲೋ ಆಯ್ತು ಬಿಡು" ಅಂತ ಅಪ್ಪ. ಒಂದು ಕ್ಯಾನ್ ಆರ್‌ಒ ಆಗೋಕೆ ಅದಕ್ಕಿಂತ ಹೆಚ್ಚು ನೀರು ಮೋರಿ ಪಾಲಾಗುತ್ತದೆ ಅನ್ನೋದು ನನಗೂ ಗೊತ್ತಿತ್ತು. ಆದರೂ ಹಟ.

ವಿಚಿತ್ರ ಏನಂದರೆ, ನೀರು ಬದಲಿಸಿದ ದಿನ ಪಿಎಚ್ 7ಕ್ಕೆ ಇಳಿಯೋದು. ನಾಲ್ಕೇ ದಿನಕ್ಕೆ ಮತ್ತೆ 8. ಏರಿಳಿತದ ಹೊಡೆತ ಮೀನಿಗೆ.

ಆ ಜಾಲರಿ ಹಿಡಿದ ದಿನ ಸಂಜೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಮಾತಾಡದೆ ಎದ್ದು ಹೋಗಿ ಒಂದು ಫರ್ಸಿ ಚೂರು, ಅರ್ಧ ನಿಂಬೆಹಣ್ಣು ತಂದರು. ಹಿಂಡಿದರು. ಕಲ್ಲಿನ ಮೇಲೆ ಸಣ್ಣಗೆ ನೊರೆ ಎದ್ದಿತು.

"ನಿಮ್ಮವ್ವ ಇದಕ್ಕೇ ಬೈತಿದ್ಳಲ್ಲ?" ಅಂದರು.

ಅಡುಗೆಮನೆ ಬಾಗಿಲ ಹತ್ತಿರ ನೆಲದಲ್ಲಿ ಅಂಗೈ ಅಗಲದ ಮಾಸಿದ ಕಲೆ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಿಂಬೆ ಉಪ್ಪಿನಕಾಯಿ ಭರಣಿ ಒಡೆದ ಜಾಗ. ಹುಳಿ ಬಿದ್ದರೆ ಫರ್ಸಿ ಹೊಳಪು ಹೋಗುತ್ತದೆ ಅಂತ ಅಮ್ಮ ಜೀವನಪೂರ್ತಿ ಹೇಳಿದ್ದಳು. ಅದು ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಕರಗಿ ಗುಳ್ಳೆ ಬಿಡುತ್ತದೆ. ಆರ್‌ಒ ನೀರಿನಂಥ ಮೆದು ನೀರಿನಲ್ಲಿಟ್ಟರೆ ನಿಧಾನಕ್ಕೆ ಕರಗಿ ಆ ನೀರನ್ನೂ ಗಡಸು ಮಾಡುತ್ತದೆ. ಒಂದು ಕೈಯಲ್ಲಿ ಮೆದು ನೀರು ಸುರಿದು, ಇನ್ನೊಂದು ಕೈಯಲ್ಲಿ ಸುಣ್ಣ ಹಾಕುತ್ತಿದ್ದೆ ನಾನು!

"ಊರೇ ಈ ಕಲ್ಲಿನ ಮ್ಯಾಲ ಅದ. ವಾಡಿ, ಸೇಡಂ ಸಿಮೆಂಟ್ ಫ್ಯಾಕ್ಟ್ರಿ ಎಲ್ಲಾ ಇದಕ್ಕೇ ಬಂದಾವ. ಬೋರ್ ನೀರ ಇದರಾಗಿಂದೇ ಬರ್ತದ. ನೀರ್ಯಾಕ ಬದಲಿ ಮಾಡ್ತಿ? ಮೀನ ಬದಲಿ ಮಾಡು."

ಅಷ್ಟೇ ವಿಷಯ. ನಾನು ಎರಡು ತಿಂಗಳು ಓದಿದರೂ ಹೊಳೆದಿರಲಿಲ್ಲ.

ಗಡಸು ನೀರೇ ಬೇಕೆನ್ನುವ ಮೀನುಗಳಿವೆ: ಗಪ್ಪಿ, ಪ್ಲಾಟಿ, ಮೋಲಿ. ಆಫ್ರಿಕಾದ ಮಲಾವಿ ಸರೋವರದ ಬಣ್ಣಬಣ್ಣದ ಸಿಕ್ಲಿಡ್‌ಗಳಿಗೂ ಇಂಥ ನೀರು, ಇಂಥ ಕಲ್ಲಿನ ಸಂದು ಇಷ್ಟ. ಆಸೆಯಾಯಿತು, ಆದರೆ ಅವು ಜಗಳಗಂಟ ಮೀನು, ನಮ್ಮ 50 ಲೀಟರ್ ಸಾಲದು. ಗೋಲ್ಡ್‌ಫಿಶ್‌ಗೂ ಸಾಲದು. ಸಕ್ಕರ್ ಫಿಶ್ ಅಂತೂ ಒಂದಡಿ ಮೀರಿ ಬೆಳೆಯುತ್ತದಂತೆ. ಉಳಿದವನ್ನೆಲ್ಲ ದೊಡ್ಡ ತೊಟ್ಟಿ ಇರುವ ಸಹೋದ್ಯೋಗಿಗೆ ಕೊಟ್ಟೆ. ಬೇಡವಾದ ಮೀನನ್ನು ಕಾಗಿಣಾಕ್ಕೋ ಭೀಮಾಕ್ಕೋ ಬಿಡಬೇಡಿ. ಅಲ್ಲಿನ ಮೀನಿಗೆ ಕುತ್ತು.

ಆ ಭಾನುವಾರ ಅಪ್ಪನನ್ನು ಕರೆದುಕೊಂಡು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕೆ ಹೋದೆ. ತೊಟ್ಟಿಗೆ ಒಂದು ಒಣ ಕೊರಡು ಸಿಗಬಹುದು ಅಂತ ನನ್ನ ಲೆಕ್ಕ. ಅದು ವನ್ಯಜೀವಿ ಧಾಮ, ಅಲ್ಲಿಂದ ಏನೂ ತರೋ ಹಂಗಿಲ್ಲ ಅಂತ ಅಪ್ಪ ತಡೆದರು. ಅಂಚಿನ ತಿಳಿನೀರಲ್ಲಿ ಸಣ್ಣ ಮೀನಿನ ಹಿಂಡು ಕಾಣಿಸಿತು. ಅಪ್ಪ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ನೋಡಿದರು. "ಎಷ್ಟ್ ಜಾಗಾ ಖಾಲಿ ಅದ ನೋಡು ಅವಕ್ಕ" ಅಂದರು.

ಮನೆಗೆ ಬಂದವರೇ ಕೆಲಸಕ್ಕೆ ಕೂತರು. ತೆಳ್ಳನೆಯ ಫರ್ಸಿ ಹಲಗೆಗಳ ಚೂಪು ಅಂಚನ್ನು ಉಜ್ಜಿ, ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದರು. ನಡುವೆ ಇಡದೆ ಎಡಕ್ಕೆ ಸರಿಸಿ ಇಟ್ಟರು. ಬಲಗಡೆ ಪೂರ್ತಿ ಖಾಲಿ. ತೊಳೆದ ಮರಳನ್ನು ಹಿಂದೆ ಎತ್ತರ, ಮುಂದೆ ತಗ್ಗು ಬರುವ ಹಾಗೆ ಹರಡಿದೆವು. ಆಳ ಜಾಸ್ತಿ ಇದ್ದಂತೆ ಕಾಣುತ್ತದೆ. ಪೋಸ್ಟರ್ ಕಿತ್ತು ಕಪ್ಪು ಚಾರ್ಟ್ ಹಾಳೆ ಅಂಟಿಸಿದೆವು. ಮೂಲೆಯಲ್ಲಿ ರಿಬ್ಬನ್‌ನಂಥ ಎಲೆಯ ವ್ಯಾಲಿಸ್ನೇರಿಯಾ ಗಿಡ. ಗಡಸು ನೀರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಪಾಚಿ ಕಟ್ಟದ ಹಾಗೆ ಲೈಟು ದಿನಕ್ಕೆ ಆರೇಳು ಗಂಟೆ ಮಾತ್ರ.

ಈ ಸಲ ಮೀನಿಗೆ ಅವಸರ ಮಾಡಲಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಸೋಕೆ ನಾಲ್ಕರಿಂದ ಆರು ವಾರ ಬೇಕು. ಮೊದಲು ನಾನು ಪ್ರತಿ ವಾರ ತೊಟ್ಟಿ ಖಾಲಿ ಮಾಡಿ ಸ್ಪಂಜನ್ನು ನಲ್ಲಿಯಲ್ಲಿ ತಿಕ್ಕುತ್ತಿದ್ದೆ, ಅಂದರೆ ಆ ಬ್ಯಾಕ್ಟೀರಿಯಾವನ್ನೇ ತೊಳೆದು ಬಿಸಾಕುತ್ತಿದ್ದೆ. ಈಗ ವಾರಕ್ಕೆ ಕಾಲು ಭಾಗ ನೀರಷ್ಟೇ ಬದಲಿಸೋದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡೋದು. ತೆಗೆದ ನೀರು ಕರಿಬೇವಿನ ಗಿಡಕ್ಕೆ.

ಐದು ವಾರ ಖಾಲಿ ತೊಟ್ಟಿಗೆ ಚಿಟಿಕೆ ಚಿಟಿಕೆ ಆಹಾರ ಹಾಕಿ ಕಾದೆವು. "ಮೀನಿಲ್ಲದ ಮನಿಗಿ ಊಟ ಹಾಕ್ಲಾಕತ್ತಾಳ" ಅಂತ ಪಕ್ಕದ ಮನೆಯವರಿಗೆ ಅಪ್ಪ ಹೇಳಿ ನಗುತ್ತಿದ್ದರು. ಕೊನೆಗೆ ಆರು ಗಂಡು ಗಪ್ಪಿ, ಮೂರು ಪ್ಲಾಟಿ ತಂದೆ. ಅಷ್ಟೇ.

ಮೇ ಬಂತು. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟೋದು ನಿಮಗೆ ಗೊತ್ತೇ ಇದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅಪ್ಪ ಮುಚ್ಚಳ ತೆಗೆದು ಬಲೆ ಹೊದಿಸಿ, ಟೇಬಲ್ ಫ್ಯಾನ್ ನೀರಿನ ಮೇಲೆ ಬೀಸುವಂತಿಟ್ಟರು. ಮಧ್ಯಾಹ್ನ ಕರೆಂಟ್ ಹೋದರೆ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಿದ್ದರು. ಆವಿಯಾಗಿ ಇಳಿದಷ್ಟಕ್ಕೆ ಮಾತ್ರ ಆರ್‌ಒ ನೀರು ಸೇರಿಸುತ್ತೇವೆ. ಆವಿಯಾಗೋದು ನೀರು, ಸುಣ್ಣ ಅಲ್ಲೇ ಉಳಿಯುತ್ತದಲ್ಲ. ಆ ಬೇಸಿಗೆಯಲ್ಲಿ ಒಂದು ಗಪ್ಪಿ ಹೋಯಿತು. ಅಪ್ಪ ಕರಿಬೇವಿನ ಬುಡದಲ್ಲಿ ಹೂತರು. ಡಬ್ಬಿ ಕೊಟ್ಟುಬಿಡು ಅನ್ನಲಿಲ್ಲ.

ಅಮ್ಮ ಇದ್ದಾಗ ಫೋನ್ ಮಾಡುತ್ತಿದ್ದದ್ದು ಅವಳೇ. ಅಪ್ಪ ತಾವಾಗಿ ಮಾಡಿದವರಲ್ಲ. ಜೂನ್‌ನ ಒಂದು ಸಂಜೆ ರೈಲು ಚಿತ್ತಾಪುರದಲ್ಲಿ ನಿಂತಿದ್ದಾಗ ಫೋನ್ ಬಂತು. ಅಪ್ಪನ ಹೆಸರು ನೋಡಿ ಎದೆ ಧಸಕ್ಕಂತು.

"ಪ್ಲಾಟಿ ಮರಿ ಹಾಕ್ಯದ" ಅಂದರು. "ಫರ್ಸಿ ಸಂದ್ಯಾಗ ಹೊಕ್ಕೊಂಡಾವ. ಏಳು ಎಣಿಸೀನಿ. ಲಗೂ ಬಾ."